ನಾಲ್ವರೂ ತಲುಪಿದಾಗಲೇ ನಡಿಗೆ ಪೂರ್ಣ
(ಹೆಸರಘಟ್ಟ ಕೆರೆಯ ಬಳಿ ನೀಡಿದ ಉಪನ್ಯಾಸದ ಪಠ್ಯ)



ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಈ ಹೆಸರಘಟ್ಟ ಕೆರೆಯ ನೀರು ಕೊಳವೆಯ ಮೂಲಕ ಬೆಂಗಳೂರನ್ನು ತಲುಪಿತು. ಅರ್ಕಾವತಿ ಸೊರಗಿದಂತೆ ನಗರವು 1933ರಲ್ಲಿ ತಿಪ್ಪಗೊಂಡನಹಳ್ಳಿಗೆ, 1974ರಲ್ಲಿ ಕಾವೇರಿಗೆ ಕೈಚಾಚಿತು. ಇಂದು ಬೆಂಗಳೂರಿಗರು ಕುಡಿಯುವ ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಬರುತ್ತದೆ. ನಲ್ಲಿ ತಿರುಗಿಸುವ ಕೈಗೆ ಆ ದೂರದ ಅರಿವಿಲ್ಲ. ಅದನ್ನು ಅರಿಯಬಲ್ಲವು ಕಾಲುಗಳು ಮಾತ್ರ.

ಅಷ್ಟೇ ದೂರವನ್ನು 48 ಗಂಟೆಗಳೊಳಗೆ ನಡೆದು ಕ್ರಮಿಸುವ 'ಟ್ರೇಲ್‌ವಾಕರ್' ಎಂಬ ನಡಿಗೆಯೊಂದಿದೆ. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗೂರ್ಖಾ ಸೈನಿಕರ ತರಬೇತಿಯಾಗಿ ಆರಂಭವಾದ ಇದು, ಮುಂದೆ ಆಕ್ಸ್‌ಫಾಮ್ ಸಂಸ್ಥೆಯ ಮೂಲಕ ಬಡತನ ನಿವಾರಣೆಗೆ ನಿಧಿ ಕೂಡಿಸುವ ನಡಿಗೆಯಾಯಿತು. 2012ರಲ್ಲಿ ಬೆಂಗಳೂರಿನ ಸೀಮೆಯಲ್ಲೂ ನಡೆಯಿತು. ನಾಲ್ವರದು ಒಂದು ತಂಡ; ನಾಲ್ವರೂ ಒಟ್ಟಿಗೆ ಮುಗಿಸುವುದೇ ಅದರ ಗುರಿ.

ಇಂತಹ ನಡಿಗೆ ಕಲಿಸುವ ಮೊದಲ ಪಾಠವೆಂದರೆ, ತಂಡದ ವೇಗವನ್ನು ನಿರ್ಧರಿಸುವವನು ಹಿಂದೆ ಉಳಿದವನೇ ಹೊರತು ಮುಂದಿರುವವನಲ್ಲ. ಎರಡನೆಯದು, ಪಾದದಲ್ಲಿ ಬೊಬ್ಬೆ ಏಳುವ ಮುನ್ನವೇ ನಿಲ್ಲಬೇಕು. ನೋವನ್ನು ಮುಚ್ಚಿಟ್ಟವನು ಮುಂದೆ ನಾಲ್ವರನ್ನೂ ನಿಲ್ಲಿಸುತ್ತಾನೆ. ಮೂರನೆಯದು, ರಾತ್ರಿಯ ಹಾದಿಯಲ್ಲಿ ನೀರು, ಗಂಜಿ ಹಿಡಿದು ಕಾದವರಿಲ್ಲದೆ ನಡೆದವರಿಲ್ಲ. ದಾನವೆಂಬುದು ಕೊಡುವವನ ಹಿರಿಮೆಯಲ್ಲ, ಪಡೆದ ಋಣದ ಸ್ಮರಣೆ.

ಮಲೆನಾಡಿನವರಿಗೆ ಈ ಪಾಠ ಹೊಸದೇನಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. 1987ರ ನವೆಂಬರ್ 1ರಂದು ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆಯ ಒಂದು ತಂಡ ಮಹಾರಾಷ್ಟ್ರದ ನವಾಪುರದಿಂದ, ಇನ್ನೊಂದು ಕನ್ಯಾಕುಮಾರಿಯಿಂದ ಹೊರಟು, 1988ರ ಫೆಬ್ರವರಿಯಲ್ಲಿ ಗೋವೆಯಲ್ಲಿ ಸಂಧಿಸಿದವು. ಹಾದಿಯುದ್ದಕ್ಕೂ ಊರವರೊಡನೆ ಮಾತನಾಡುವುದೇ ಆ ನಡಿಗೆಯ ಉದ್ದೇಶವಾಗಿತ್ತು. ಬೇಗ ತಲುಪುವ ಹಂಬಲ ಅಲ್ಲಿರಲಿಲ್ಲ.

ಹೆಸರಘಟ್ಟದ ಹುಲ್ಲುಗಾವಲಿನ ಹಾದಿಯೂ ದೀರ್ಘವೇ. ಇದನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಿರಸ್ಕರಿಸಿತು. 2024ರ ಅಕ್ಟೋಬರ್‌ನಲ್ಲಿ 5,600ಕ್ಕೂ ಹೆಚ್ಚು ಎಕರೆಗೆ ಒಪ್ಪಿಗೆ ನೀಡಿತು. ಮರವಿಲ್ಲದ ನೆಲವನ್ನು ಬಂಜರೆಂದು ಕರೆಯುವವರಿಗೆ, ಮಳೆಯನ್ನು ಹಿಡಿದು ನೆಲಕ್ಕಿಳಿಸುವ ಹುಲ್ಲಿನ ಬೇರು ಕಾಣುವುದಿಲ್ಲ. ಚಳಿಗಾಲದಲ್ಲಿ ದೂರದೇಶದಿಂದ ಬಂದಿಳಿಯುವ ಸೆಳೆವ ಹಕ್ಕಿಗಳೂ ಕಾಣುವುದಿಲ್ಲ.

ಆದರೆ ಒಪ್ಪಿಗೆ ದೊರೆತ ಮಾತ್ರಕ್ಕೆ ನಡಿಗೆ ಮುಗಿಯಲಿಲ್ಲ. ಮೇವಿನ ನೆಲ ಕೈತಪ್ಪೀತೆಂದು ಅಂಜುವ ದನಗಾಹಿ, ಬೇಸಾಯಕ್ಕೆ ಅಡ್ಡಿಯಾದೀತೆಂದು ಶಂಕಿಸುವ ರೈತ ಇನ್ನೂ ಹಿಂದೆಯೇ ಇದ್ದರೆ, ಹಕ್ಕಿಗಳ ಚಿತ್ರ ಹಿಡಿದು ಮುಂದೆ ಓಡಿದವರು ಗುರಿ ಮುಟ್ಟಿದಂತೆ ಆಗದು. ಅವರ ಅಂಜಿಕೆಯನ್ನು ಕೇಳಲು ನಿಲ್ಲುವುದು ವಿಳಂಬವಲ್ಲ, ಅದೂ ನಡಿಗೆಯ ಭಾಗವೇ.

ವಿದ್ಯಾರ್ಥಿ ಮಿತ್ರರೇ, ನಾಳೆ ಯಾವ ಹಾದಿ ಹಿಡಿದರೂ ಆಗಾಗ ಹಿಂದಿರುಗಿ ನೋಡಿರಿ. ನಾಲ್ಕನೆಯವನು ಬರುತ್ತಿದ್ದಾನೆಯೇ ಎಂದು ಕೇಳಿರಿ. ಅವನು ಬರುವವರೆಗೆ ಕಾಯುವ ತಾಳ್ಮೆ ಇದ್ದರೆ ಈ ನೆಲಕ್ಕೂ ನೀರಿಗೂ ಉಳಿವುಂಟು.