ಮೂಲಧನವನ್ನು ಲಾಭವೆಂದು ಬರೆಯುವ ಲೆಕ್ಕ



ಜಮಾಖರ್ಚಿನ ಪುಸ್ತಕ ನಮ್ಮ ಮನೆಗಳಿಗೆ ಹೊಸದಲ್ಲ. ಕಾರ್ಖಾನೆಯ ಯಂತ್ರವನ್ನು ಮಾರಿ ಬಂದ ಹಣವನ್ನೆಲ್ಲ ವರ್ಷದ ಲಾಭವೆಂದು ಬರೆದರೆ ಪ್ರಾಮಾಣಿಕ ಲೆಕ್ಕಪರಿಶೋಧಕನು ಸಹಿ ಹಾಕಲಾರನು. ಸವಕಳಿಯನ್ನು ಕಳೆದು ಉಳಿದ ಲಾಭದಿಂದಲೇ ಲಾಭಾಂಶ ಹಂಚಬೇಕೆಂಬುದು 2013ರ ಕಂಪನಿ ಕಾಯಿದೆಯ ನಿಯಮ. ರಾಷ್ಟ್ರದ ಲೆಕ್ಕದಲ್ಲಿ ಮಾತ್ರ ಈ ಶಿಸ್ತು ಸಡಿಲವಾಗಿದೆ. ಕಡಿದು ಮಾರಿದ ಮರದ ಬೆಲೆ ಒಟ್ಟು ದೇಶೀಯ ಉತ್ಪನ್ನಕ್ಕೆ ಸೇರುತ್ತದೆ. ಅಳಿದ ಕಾಡು ಎಲ್ಲಿಯೂ ಖರ್ಚಾಗಿ ಕಾಣುವುದಿಲ್ಲ.

ಇಂಡೊನೇಷ್ಯವನ್ನು ನೋಡಿ. 1971ರಿಂದ 1984ರವರೆಗೆ ಆ ದೇಶ ವರ್ಷಕ್ಕೆ ಸರಾಸರಿ ಶೇ. 7.1ರಂತೆ ಬೆಳೆಯಿತು. 1989ರಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ರೆಪೆಟ್ಟೊ ಮತ್ತು ಸಂಗಡಿಗರು ತೈಲ, ಕಾಡು, ಮಣ್ಣು ಈ ಮೂರರ ನಷ್ಟವನ್ನು ಕಳೆದು ನೋಡಿದಾಗ ಉಳಿದದ್ದು ಶೇ. 4 ಮಾತ್ರ. ಆ ನಾಲ್ಕು ನಿಜವಾದ ಗಳಿಕೆಯೇ. ಬಡದೇಶಕ್ಕೆ ಬೆಳವಣಿಗೆ ಬೇಡವೆಂದು ನಾನು ಹೇಳುತ್ತಿಲ್ಲ. ಮಿಕ್ಕ ಮೂರನ್ನು ಗಳಿಕೆಯೆಂದು ಕರೆಯಬಾರದೆನ್ನುತ್ತೇನೆ.

ಚೀನಾ ಸರ್ಕಾರವೇ 2006ರಲ್ಲಿ ಇಂತಹ ಲೆಕ್ಕವನ್ನು ಪ್ರಕಟಿಸಿತು. 2004ರ ಮಾಲಿನ್ಯದ ನಷ್ಟ 51,180 ಕೋಟಿ ಯುವಾನ್, ಅಂದರೆ ಒಟ್ಟು ಉತ್ಪನ್ನದ ಶೇ. 3.05. ಪ್ರಾಂತಗಳ ಆಡಳಿತಕ್ಕೆ ಇದು ಅಪ್ರಿಯವಾಯಿತು. ಮರುವರ್ಷದ ವರದಿಯ ಪ್ರಕಟಣೆ ನಿಂತುಹೋಯಿತು. ಅಪ್ರಿಯವಾದ ಲೆಕ್ಕವನ್ನು ಮುಚ್ಚಿಟ್ಟ ಮಾತ್ರಕ್ಕೆ ಸಾಲ ತೀರುವುದಿಲ್ಲ.

ನಮ್ಮ ದೇಶದಲ್ಲಿ ಪಾರ್ಥ ದಾಸ್‌ಗುಪ್ತ ಅವರ ಸಮಿತಿ 2013ರಲ್ಲಿಯೇ ಹಸಿರು ಲೆಕ್ಕದ ಚೌಕಟ್ಟನ್ನು ನೀಡಿತು. 2018ರಿಂದ ಕೇಂದ್ರ ಸಾಂಖ್ಯಿಕ ಇಲಾಖೆ ಪರಿಸರದ ಅಂಕಿಅಂಶಗಳನ್ನು ಪ್ರತ್ಯೇಕವಾಗಿ ಪ್ರಕಟಿಸುತ್ತಿದೆ. ಆದರೂ ಚುನಾವಣೆಯ ವೇದಿಕೆಯಲ್ಲಿ ಮೊಳಗುವುದು ಬೆಳವಣಿಗೆಯ ಶೇಕಡಾವಾರು ಒಂದೇ.

ಇದು ಬರಿಯ ಅಂಕಿಗಳ ವಾದವಲ್ಲ. ಲಾಭಾಂಶ ನಗರದಲ್ಲಿರುವ ನಮ್ಮ ಖಾತೆಗೆ ಬರುತ್ತದೆ; ನಷ್ಟ ನದಿಯ ಕೆಳದಂಡೆಯ ರೈತನ ಬಾವಿಗೆ, ಮೀನುಗಾರನ ಬಲೆಗೆ ಹೋಗುತ್ತದೆ. ಷೇರು ಕೊಂಡವರೂ ಈ ಲೆಕ್ಕದ ಪಾಲುದಾರರೇ.

ಆದ್ದರಿಂದ ಎರಡು ವಿನಂತಿಗಳು. 2022–23ರಿಂದ ಸೆಬಿ ನಿಯಮದಂತೆ ಷೇರುಪೇಟೆಯ ಮೊದಲ 1000 ಕಂಪನಿಗಳು ನೀರು, ಹೊಗೆ, ತ್ಯಾಜ್ಯಗಳ ವಿವರವನ್ನು ವಾರ್ಷಿಕ ವರದಿಯೊಡನೆ ನೀಡಬೇಕಾಗಿದೆ. ಹಣ ಹೂಡುವ ಮುನ್ನ ಲಾಭದ ಪುಟದೊಂದಿಗೆ ಆ ಪುಟಗಳನ್ನೂ ಓದಿ. ಮತ ಕೇಳಲು ಬಂದವರನ್ನು, ಬೆಳವಣಿಗೆಯ ಅಂಕಿಯ ಪಕ್ಕದಲ್ಲಿ ಕಾಡು, ನೀರು, ಮಣ್ಣಿನ ಸವಕಳಿಯನ್ನೂ ಆಯವ್ಯಯ ಪತ್ರದಲ್ಲಿ ಮಂಡಿಸುವಿರಾ ಎಂದು ಕೇಳಿ. ಉತ್ತರ ಬಾರದಿದ್ದರೆ ಮತ್ತೆ ಕೇಳಿ.