ಅಮ್ಮನಿಗೂ ತಿಳಿಯಬೇಕಾದ ಮಾತು

(ಶ್ರೀ ಕ್ಷೇತ್ರದ ವಾರ್ಷಿಕ ಜಾತ್ರೋತ್ಸವದ ಅಂಗವಾಗಿ ಜರಗಿದ ಮಾತೃಸಂಗಮದಲ್ಲಿ ಮೊಕ್ತೇಸರರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರನಲ್ಲ. ಎಸ್ಸೆಸ್ಸೆಲ್ಸಿವರೆಗೆ ಓದಿ ತಂದೆಯವರ ಜಿನಸಿನ ಅಂಗಡಿಯಲ್ಲಿ ಕುಳಿತವನು. ಈ ವೇದಿಕೆಯಲ್ಲಿ ಜಾತ್ರೆಯ ಲೆಕ್ಕಪತ್ರ ಓದಿದ್ದು ಬಿಟ್ಟರೆ ಬೇರೆ ಮಾತಾಡಿದ್ದಿಲ್ಲ. ಆದರೆ ಮಾತೃಮಂಡಳಿಯವರು “ನಿಮ್ಮ ಮನೆಯಲ್ಲಿ ನಡೆದದ್ದನ್ನು ನೀವೇ ಹೇಳಬೇಕು” ಎಂದರು. ನಾನು ಅಮ್ಮನನ್ನು ಕೇಳಿದೆ. “ಹೇಳು. ನಾಲ್ಕು ಜನ ಹೆಂಗಸರಿಗೆ ಉಪಕಾರ ಆದರೆ ಆಗಲಿ” ಎಂದು ಅಮ್ಮ ಒಪ್ಪಿಗೆ ಕೊಟ್ಟಿದ್ದಾರೆ. ಅವರು ಇಲ್ಲೇ ಕುಳಿತಿದ್ದಾರೆ. ತಪ್ಪು ಹೇಳಿದರೆ ತಿದ್ದುತ್ತಾರೆ.

ಕಳೆದ ವರ್ಷ, 2025ರ ಫೆಬ್ರವರಿ 4ರಂದು, ವಿಶ್ವ ಕ್ಯಾನ್ಸರ್ ದಿನ, ಕೇರಳ ಸರಕಾರ ‘ಆರೋಗ್ಯಂ ಆನಂದಂ’ ಎಂಬ ತಪಾಸಣಾ ಅಭಿಯಾನ ಆರಂಭಿಸಿತು. ‘ಅಗಟ್ಟಾಂ ಅರ್ಬುದಂ’, ಅಂದರೆ ಅರ್ಬುದವನ್ನು ದೂರ ಮಾಡೋಣ ಎಂದು ಅದರ ಘೋಷಣೆ. ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಮನೆ ಮನೆಗೆ ಬಂದು ಹೇಳಿ ಹೋದರು. ನಮ್ಮ ಜಗಲಿಯಲ್ಲಿ ಕುಳಿತು ಹೇಳುವಾಗ ಅಮ್ಮ ಹತ್ತಿ ಹೊಸೆಯುತ್ತಾ ಕೇಳುತ್ತಿದ್ದರು. ಒಂದು ಮಾತೂ ಆಡಲಿಲ್ಲ. ರಾತ್ರಿ ಊಟವಾದ ಮೇಲೆ ನನ್ನ ಮನೆಯಾಕೆಯನ್ನು ಒಳಗೆ ಕರೆದು, ಎಡಬದಿಯಲ್ಲಿ ಒಂದು ಗಂಟು ಇದೆ, ದೀಪಾವಳಿಯಿಂದಲೇ ಇದೆ ಎಂದರು.

ದೀಪಾವಳಿಯಿಂದ! ಮೂರು ತಿಂಗಳು. ಯಾಕೆ ಹೇಳಲಿಲ್ಲ ಎಂದು ನನಗೆ ಸಿಟ್ಟೇ ಬಂತು. ಅಮ್ಮನ ಉತ್ತರ ಸರಳವಾಗಿತ್ತು: “ನೋವಿರಲಿಲ್ಲ. ಮಕರದಲ್ಲಿ ಮೊಮ್ಮಗಳ ಮದುವೆ ಇತ್ತು. ಮತ್ತೆ, ಇಂಥದ್ದನ್ನು ಗಂಡುಮಗನ ಹತ್ತಿರ ಹೇಗೆ ಹೇಳುವುದು?”

ತಾಯಂದಿರೇ, ಈ ಮೂರು ಕಾರಣಗಳೂ ನಿಮ್ಮ ಮನೆಯಲ್ಲಿಯೂ ಇರಬಹುದು. ನೋವಿಲ್ಲದ್ದೇ ಒಳ್ಳೆಯ ಲಕ್ಷಣ ಎಂದು ನಾವು ತಿಳಿಯುತ್ತೇವೆ. ಡಾಕ್ಟರರು ಹೇಳುವುದು ಬೇರೆ. ಸ್ತನದ ಕ್ಯಾನ್ಸರಿನ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ಗಂಟು ಮಾತ್ರವಲ್ಲ, ಚರ್ಮ ಒಳಗೆ ಎಳೆದಂತಾಗುವುದು, ಕಿತ್ತಳೆ ಸಿಪ್ಪೆಯಂತಾಗುವುದು, ತೊಟ್ಟು ಒಳಸರಿಯುವುದು, ತೊಟ್ಟಿನಿಂದ ರಕ್ತ ಬರುವುದು, ಕಂಕುಳಲ್ಲಿ ಗಡ್ಡೆ ಸಿಗುವುದು, ಇವೆಲ್ಲ ತೋರಿಸಬೇಕಾದ ಲಕ್ಷಣಗಳೇ. ಎಲ್ಲ ಗಂಟುಗಳೂ ಕ್ಯಾನ್ಸರ್ ಅಲ್ಲ. ಹೆಚ್ಚಿನವು ಅಲ್ಲವೇ ಅಲ್ಲ. ಆದರೆ ಪ್ರಾಯ ಹೆಚ್ಚಾದಂತೆ ಅಪಾಯವೂ ಹೆಚ್ಚು. ಯಾವುದು ಹೌದು, ಯಾವುದು ಅಲ್ಲ ಎಂದು ಕೈಯಿಂದ ಮುಟ್ಟಿ ನಾವು ತೀರ್ಮಾನಿಸುವಂತಿಲ್ಲ. 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1,92,000 ಮಹಿಳೆಯರಲ್ಲಿ ಈ ರೋಗ ಹೊಸತಾಗಿ ಕಂಡುಬಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜು. ಇಷ್ಟು ಮನೆಗಳಲ್ಲಿ ನಮ್ಮದೂ ಒಂದು ಆಗಬಹುದಲ್ಲ?

ಮರುದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋದೆವು. ಅಲ್ಲಿಯ ಲೇಡಿ ಡಾಕ್ಟರರು ನೋಡಿ ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ರೈಲಿನಲ್ಲಿ ತಲಶ್ಶೇರಿಗೆ ಹೋದೆವು. ಅಲ್ಲಿ ಮೊದಲು ಮ್ಯಾಮೋಗ್ರಾಂ. ಎರಡು ಹಲಗೆಗಳ ನಡುವೆ ಒತ್ತಿ ತೆಗೆಯುವ ಎಕ್ಸ್‌ರೇ ಅದು. ಸ್ವಲ್ಪ ನೋಯುತ್ತದೆ, ಕ್ಷಣದಲ್ಲಿ ಮುಗಿಯುತ್ತದೆ. ಆ ದಿನ ಪೌಡರ್ ಹಾಕಿಕೊಂಡು ಹೋಗಬಾರದು. ಆಮೇಲೆ ಸ್ಕ್ಯಾನಿಂಗ್. ಕೊನೆಗೆ ಮರಗಟ್ಟಿಸಿ, ಸೂಜಿಯಿಂದ ಗಂಟಿನ ಸಣ್ಣ ಚೂರು ತೆಗೆಯುವ ಬಯಾಪ್ಸಿ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳುವುದು ಈ ಬಯಾಪ್ಸಿಯೇ. ಅದರ ಫಲಿತಾಂಶಕ್ಕೆ ನಾವು ಕಾದದ್ದು ಒಂಬತ್ತು ದಿನ.

ಆ ಒಂಬತ್ತು ದಿನಗಳ ಬಗ್ಗೆಯೇ ನಾನು ಮುಖ್ಯವಾಗಿ ಹೇಳಬೇಕಾದದ್ದು. ಅಂಗಡಿಗೆ ಅಕ್ಕಿಗೆ ಬಂದವರು ಒಂದು ಔಷಧ ಹೇಳಿದರು, ಸಕ್ಕರೆಗೆ ಬಂದವರು ಇನ್ನೊಂದು ಹೇಳಿದರು. ಲಕ್ಷ್ಮಣ ಫಲ ತಿನ್ನಿಸಿ ಸಾಕು ಎಂದರು ಒಬ್ಬರು. “ಸೂಜಿ ಚುಚ್ಚಿಸಿದ್ದೇ ತಪ್ಪು, ಇನ್ನು ಮೈಯೆಲ್ಲ ಹರಡುತ್ತದೆ” ಎಂದರು ಮತ್ತೊಬ್ಬರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೂಜಿಯಿಂದ ರೋಗ ಹರಡುತ್ತದೆ ಎಂಬುದು ಸುಳ್ಳು ಎಂದು ಆಮೇಲೆ ಡಾಕ್ಟರರೇ ಬಿಡಿಸಿ ಹೇಳಿದರು. ಹೇಳಿದವರ ಮೇಲೆ ನನಗೆ ಕೋಪವಿಲ್ಲ. ಪ್ರೀತಿಯಿಂದಲೇ ಹೇಳಿದ್ದು. ಆದರೆ ಕಾಯುತ್ತಿರುವ ಮನೆಯವರಿಗೆ ಔಷಧ ಹೇಳಬೇಡಿ. “ಆಸ್ಪತ್ರೆಗೆ ಹೋಗುವ ದಿನ ಅಂಗಡಿ ನಾನು ನೋಡಿಕೊಳ್ಳುತ್ತೇನೆ” ಎಂದ ನೆರೆಮನೆಯ ಹುಡುಗ ಮಾಡಿದ ಉಪಕಾರವನ್ನು ನಾನು ಮರೆಯಲಾರೆ.

ದುಬೈಯಲ್ಲಿರುವ ನನ್ನ ತಮ್ಮ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ. “ಏನೇ ಬಂದರೂ ಅಮ್ಮನಿಗೆ ಹೇಳಬೇಡ, ಎದೆ ಒಡೆದುಕೊಳ್ಳುತ್ತಾರೆ” ಎಂದು ಅವನ ಒತ್ತಾಯ. ತಂಗಿಯೂ ಹಾಗೆಯೇ ಅಂದಳು. ನಾನೂ ಒಪ್ಪಿದೆ. ಅಮ್ಮನನ್ನು ಕೆಲಸ ಮಾಡಲು ಬಿಡಲಿಲ್ಲ. ಅವರು ಬಂದರೆ ನಾವು ಮಾತು ನಿಲ್ಲಿಸುತ್ತಿದ್ದೆವು. ಒಂದು ಸಂಜೆ ಅಮ್ಮ ಹೇಳಿದರು: “ನನ್ನ ಕೈಯಿಂದ ಹತ್ತಿ ಕಸಿದುಕೊಳ್ಳಬೇಡಿ. ಸುಮ್ಮನೆ ಕೂತರೆ ಯೋಚನೆ ಹೆಚ್ಚು.” ಆ ದಿನಗಳಲ್ಲಿ ಅಮ್ಮ ಹೊಸೆದ ಬತ್ತಿಗಳೇ ಕಳೆದ ಶಿವರಾತ್ರಿಗೆ ಈ ಕ್ಷೇತ್ರದಲ್ಲಿ ಉರಿದವು.

ಫಲಿತಾಂಶದ ದಿನ ಬಂತು. ಡಾಕ್ಟರರು ಚಿಕ್ಕ ಪ್ರಾಯದವರು, ಒಳ್ಳೆಯವರು. ಮಾತೆಲ್ಲ ಮಲಯಾಳದಲ್ಲಿ. ಅಂಗಡಿಯವನಾದ್ದರಿಂದ ನನಗೆ ಮಲಯಾಳ ಚೆನ್ನಾಗಿ ಬರುತ್ತದೆ. ಅಮ್ಮನಿಗೆ ಕನ್ನಡ ಮತ್ತು ತುಳು. ಡಾಕ್ಟರರು ಐದು ನಿಮಿಷ ವಿವರಿಸಿದರು. ಕ್ಯಾನ್ಸರ್ ಹೌದು, ದೂರ ಹೋಗಿಲ್ಲ, ಶಸ್ತ್ರಚಿಕಿತ್ಸೆ ಆಗಬೇಕು ಎಂದರು. ನಾನು ಅಮ್ಮನ ಕಡೆ ತಿರುಗಿ, “ಸಣ್ಣ ಗಂಟಂತೆ, ತೆಗೆದರೆ ಸರಿಹೋಗುತ್ತದಂತೆ” ಎಂದೆ.

ಅಮ್ಮ ನನ್ನ ಮುಖ ನೋಡಿದರು. “ಅವರು ಅಷ್ಟು ಹೊತ್ತು ಹೇಳಿದ್ದಕ್ಕೆ ನಿನ್ನ ಬಾಯಲ್ಲಿ ಎರಡೇ ಮಾತಾ? ಅರ್ಬುದ ಅಂದದ್ದು ನನಗೆ ಕೇಳಿಸಿದೆ ಮಗಾ. ಅದು ನಮ್ಮಲ್ಲಿಯೂ ಇರುವ ಶಬ್ದವೇ. ಆಶಾದವಳು ಹೇಳಿದಾಗಲೂ ಕೇಳಿದ್ದೇನೆ. ಪೂರ್ತಿ ಹೇಳು.”

ನನಗೆ ತಲೆ ಎತ್ತಲಾಗಲಿಲ್ಲ. ಡಾಕ್ಟರರಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. ಅವರು ಅಮ್ಮನ ಕೈ ಹಿಡಿದು ಮೊದಲಿನಿಂದ ನಿಧಾನವಾಗಿ ಹೇಳಿದರು, ನಾನು ಒಂದೂ ಬಿಡದೆ ಕನ್ನಡದಲ್ಲಿ ಹೇಳಿದೆ. ಅಮ್ಮ ಅಳಲಿಲ್ಲ. ಎರಡು ಪ್ರಶ್ನೆ ಕೇಳಿದರು: “ಕೈ ಎತ್ತಿ ತಲೆ ಬಾಚಲಿಕ್ಕೆ ಆದೀತಾ? ವಿಷುವಿಗೆ ಮನೆಯಲ್ಲಿರುತ್ತೇನಾ?” ನಾನು ಪುಸ್ತಕದಲ್ಲಿ ಬರೆದುಕೊಂಡು ಹೋದ ಹತ್ತು ಪ್ರಶ್ನೆಗಳಲ್ಲಿ ಈ ಎರಡು ಇರಲಿಲ್ಲ. ರೋಗ ಅಮ್ಮನದು, ಪ್ರಶ್ನೆಗಳೂ ಅಮ್ಮನವೇ ಎಂದು ನನಗೆ ಅಂದು ತಿಳಿಯಿತು.

ಗಡಿನಾಡಿನ ಮಕ್ಕಳಾದ ನಮಗೆ ಈ ವಿಷಯದಲ್ಲಿ ಜವಾಬ್ದಾರಿ ಹೆಚ್ಚು. ಕಚೇರಿಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಹಿರಿಯರು ನಮ್ಮ ನಾಲಗೆಯನ್ನು ನಂಬಿ ಬರುತ್ತಾರೆ. ಅಲ್ಲಿ ನಾವು ಮಾತು ನುಂಗಿದರೆ ಅವರ ಬದುಕಿನ ತೀರ್ಮಾನವನ್ನು ಅವರಿಗೆ ಕೇಳದೆ ನಾವೇ ಮಾಡಿದಂತೆ. ಎಷ್ಟು ತಿಳಿಯಬೇಕು ಎಂದು ಅವರನ್ನೇ ಕೇಳಿ. ಬೇಡ ಎಂದರೆ ಬೇಡ. ಬೇಕು ಎಂದರೆ ಪೂರ್ತಿ ಹೇಳಿ.

ಇನ್ನು ಅನುಭವದಿಂದ ಕಲಿತ ನಾಲ್ಕು ಮಾತು. ಒಂದು, ಆಸ್ಪತ್ರೆಗೆ ಒಬ್ಬ ಹೆಂಗಸು ಜತೆಗಿರಲಿ. ಮಗನೆದುರು ಹೇಳದ್ದನ್ನು ಅಮ್ಮ ಸೊಸೆಯಲ್ಲಿ ಹೇಳಿದರು. ಎರಡು, ಎಲ್ಲ ಕಾಗದಗಳನ್ನು ತಾರೀಕಿನ ಕ್ರಮದಲ್ಲಿ ಒಂದೇ ಫೈಲಿನಲ್ಲಿಡಿ. ಡಾಕ್ಟರರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ. ಗಾಬರಿಯಲ್ಲಿ ಅರ್ಧ ಮರೆತುಹೋಗುತ್ತದೆ. ಮೂರು, ಆರೋಗ್ಯ ವಿಮೆಯ ಕಾರ್ಡ್ ಇದ್ದರೆ ಮೊದಲ ದಿನವೇ ಕೊಂಡುಹೋಗಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜತೆಗೊಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಪತ್ರ ಕೇಳಿ ಪಡೆಯಿರಿ. ನಾಲ್ಕು, ಹರಕೆ ಹೇಳಿಕೊಳ್ಳಿ, ಪ್ರಶ್ನೆ ಇಡಿಸಿ, ಬೇಡವೆನ್ನಲು ಮೊಕ್ತೇಸರನಾದ ನನಗೆ ಬಾಯಿಲ್ಲ. ಆದರೆ ಅದರ ಹೆಸರಿನಲ್ಲಿ ಒಂದು ದಿನವೂ ತಡ ಮಾಡಬೇಡಿ. ಅಮ್ಮ ಇಲ್ಲಿಯ ಪ್ರಸಾದವನ್ನು ಸೆರಗಿನಲ್ಲಿ ಕಟ್ಟಿಕೊಂಡೇ ರೈಲು ಹತ್ತಿದ್ದು.

ಮಾರ್ಚಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ವಿಷುಕಣಿಯನ್ನು ಅಮ್ಮ ಮನೆಯಲ್ಲೇ ಕಂಡರು. ಈಗ ದಿನಕ್ಕೊಂದು ಮಾತ್ರೆ, ಆಗಾಗ ತಪಾಸಣೆ. ಮುಂದಿನದ್ದು ದೇವರ ಚಿತ್ತ, ಡಾಕ್ಟರರ ಶ್ರಮ. ತಲೆಯನ್ನು ಅವರೇ ಬಾಚಿಕೊಳ್ಳುತ್ತಾರೆ.

ಕೊನೆಯದಾಗಿ ಮೊಕ್ತೇಸರನಾಗಿ ಒಂದು ಮಾತು. ಚಿಕಿತ್ಸೆ ಮುಗಿದ ಮೇಲೆ ಅಮ್ಮ ಎರಡು ತಿಂಗಳು ಇಲ್ಲಿಗೆ ಬರಲಿಲ್ಲ. ಕೇಳಿದರೆ, “ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂರಲು ಜನ ಹಿಂಜರಿದರೆ?” ಎಂದರು. ಈ ರೋಗ ಅಂಟುವುದಿಲ್ಲ. ಜತೆಗೆ ಕುಳಿತರೆ, ಮುಟ್ಟಿದರೆ, ಒಂದೇ ಪಾತ್ರೆಯಿಂದ ಬಡಿಸಿದರೆ ಬರುವುದಿಲ್ಲ. ಇದು ಯಾರ ಶಾಪವೂ ಅಲ್ಲ, ಮೈಲಿಗೆಯೂ ಅಲ್ಲ. ಈ ಕ್ಷೇತ್ರದ ಪಂಕ್ತಿಯಲ್ಲಿ ಯಾವ ತಾಯಿಗೂ ಆ ಅಳುಕು ಬರಬಾರದು. ಇಂದು ಮಧ್ಯಾಹ್ನದ ಅನ್ನಪ್ರಸಾದಕ್ಕೆ ಅಮ್ಮ ನಿಮ್ಮ ನಡುವೆಯೇ ಕೂರುತ್ತಾರೆ. ಪಕ್ಕದಲ್ಲಿ ಕುಳಿತು ಮಾತಾಡಿಸಿ. ನಿಮ್ಮಲ್ಲಿ ಯಾರಿಗಾದರೂ ಹೇಳಲಾಗದ ಗಂಟೊಂದು ಇದ್ದರೆ, ನನಗಲ್ಲ, ಅವರ ಕಿವಿಯಲ್ಲಿ ಹೇಳಿ. ಮರುದಿನ ಜತೆಗೆ ಆಸ್ಪತ್ರೆಗೆ ಬರಲು ಅವರು ಸಿದ್ಧರಿದ್ದಾರೆ.