ಹಿತ್ತಲಿನಲ್ಲಿ ಗೌರಿಹೂವು

ಪೇಟೆಯ ಮನೆಯಂಗಳದಲ್ಲಿ ಕ್ರೋಟನ್ನಿಗೂ ಕಾಗದದ ಹೂವಿನ ಬಳ್ಳಿಗೂ ಸಲ್ಲುವ ಮರ್ಯಾದೆ ನಮ್ಮ ಕಾಡುಹೂಗಳಿಗೆ ಸಲ್ಲದು. ವರ್ಷವರ್ಷವೂ ಬೀಜ ಬಿತ್ತಬೇಕಿಲ್ಲದ, ಒಮ್ಮೆ ನೆಲೆನಿಂತರೆ ಬಹುಕಾಲ ಬಾಳುವ ಗಿಡಗಳು ನಮ್ಮ ಬೇಲಿಸಾಲಿನಲ್ಲೇ ಉಂಟು. ಗೋರಂಟೆಯುಂಟು, ನೆಲಕ್ಕೊರಗಿ ನೀಲಿಯ ಚುಕ್ಕೆಗಳನ್ನು ಚೆಲ್ಲುವ ವಿಷ್ಣುಕ್ರಾಂತಿಯುಂಟು. ಇಂದು ಮಾತ್ರ ಗೌರಿಹೂವಿನ ವಿಷಯ.

ಗೌರಿಹಬ್ಬದ ಆಸುಪಾಸಿನಲ್ಲಿ ಅರಳುವುದರಿಂದ ಈ ಹೆಸರು. ಸಂಸ್ಕೃತದಲ್ಲಿ ಅಗ್ನಿಶಿಖಾ, ಲಾಂಗಲೀ. ಮೊದಲನೆಯದನ್ನು ಹೂ ಕಂಡವರಿಗೆ ವಿವರಿಸಬೇಕಿಲ್ಲ. ಅಲೆಯಲೆಯಾದ ಆರು ದಳಗಳು ಹಿಂದಕ್ಕೆ ಬಾಗಿ, ಹಳದಿಯಿಂದ ಕೆಂಪಿಗೆ ತಿರುಗುತ್ತ ಉರಿಯುತ್ತವೆ. ಎರಡನೆಯದು ನೆಲ ಅಗೆದವರಿಗೇ ತಿಳಿಯುವುದು: ಗೆಡ್ಡೆ ನೇಗಿಲಿನಂತೆ ಬಾಗಿ ಕವಲೊಡೆದಿರುತ್ತದೆ. ಲಿನೇಯಸ್ 1753ರಲ್ಲಿ ಕೊಟ್ಟ ಗ್ಲೋರಿಯೋಸಾ ಸುಪರ್ಬಾ ಎಂಬ ಹೆಸರು ಬರಿಯ ಹೊಗಳಿಕೆ. ನಮ್ಮ ಹಿರಿಯರ ಹೆಸರುಗಳಲ್ಲಿ ಗಿಡವೇ ಇದೆ.

ಆ ಕವಲಿನ ತುದಿಯಲ್ಲೇ ಮೊಳಕೆಯ ಕಣ್ಣು. ತುದಿ ಮುರಿದರೆ ಗೆಡ್ಡೆ ಚಿಗುರದು. ಮುಂಗಾರಿಗೆ ಮೊದಲು, ನೀರು ಬಸಿದುಹೋಗುವ ಮಣ್ಣಿನಲ್ಲಿ, ಎರಡು ಮೂರು ಅಂಗುಲ ಆಳಕ್ಕೆ ಅಡ್ಡಲಾಗಿ ಮಲಗಿಸಿರಿ. ಹಬ್ಬಲು ಪಕ್ಕದಲ್ಲಿ ಒಂದು ದಾಸವಾಳವಿದ್ದರೆ ಸಾಕು. ಎಲೆಯ ತುದಿಯೇ ಕುಡಿಯಾಗಿ ಸುತ್ತಿಕೊಳ್ಳುತ್ತದೆ. ಮಳೆಗಾಲ ಕಳೆದ ಮೇಲೆ ಬಳ್ಳಿ ಒಣಗುವುದು. ಸತ್ತಿತೆಂದು ಕಿತ್ತೆಸೆಯಬಾರದು, ಕನಿಕರದಿಂದ ನೀರನ್ನೂ ಹೊಯ್ಯಬಾರದು. ಒಳಗೆ ಗೆಡ್ಡೆ ಮಲಗಿದೆ, ಒದ್ದೆಯಾದರೆ ಕೊಳೆತೀತು. ಬೀಜದಿಂದ ಬೆಳೆಸಿದರೆ ಹೂ ಕಾಣಲು ಮೂರು ನಾಲ್ಕು ವರ್ಷ ಬೇಕು. ಆದರೂ ಬೀಜವೇ ಮೇಲೆಂದು ನನ್ನ ಮತ. ಔಷಧಕ್ಕಾಗಿ ಅಗೆದು ಅಗೆದು ಕಾಡಿನಲ್ಲಿ ಈ ಬಳ್ಳಿ ಹಲವೆಡೆ ಅಪರೂಪವಾಗಿದೆ. ನಮ್ಮ ತೋಟದ ಚೆಲುವಿಗಾಗಿ ಇನ್ನೊಂದು ಗೆಡ್ಡೆ ಅಲ್ಲಿಂದ ಏಕೆ ಬರಬೇಕು? ಇದನ್ನು ರಾಜ್ಯಪುಷ್ಪವಾಗಿ ಉಳ್ಳ ತಮಿಳುನಾಡಿನಲ್ಲಿ ರೈತರು ಬೀಜಕ್ಕಾಗಿಯೇ ಹೊಲದಲ್ಲಿ ಬೆಳೆಯುತ್ತಾರೆ.

ಇನ್ನೊಂದು ಮಾತನ್ನು ದಯವಿಟ್ಟು ಮನೆಯವರೆಲ್ಲರೂ ಕೇಳಬೇಕು. ಈ ಗಿಡ ಬೇರಿನಿಂದ ಬೀಜದವರೆಗೆ ವಿಷ. ಆಯುರ್ವೇದದವರು ಇದನ್ನು ಉಪವಿಷಗಳ ಸಾಲಿನಲ್ಲಿಟ್ಟರು. ಗರ್ಭನುತ್ ಎಂದೂ ಕರೆದು ಗರ್ಭಿಣಿಯರನ್ನು ಎಚ್ಚರಿಸಿದರು. ಇಂದಿನವರು ಆ ವಿಷವನ್ನು ಕೊಲ್ಚಿಸಿನ್ ಎನ್ನುತ್ತಾರೆ. ಗೆಣಸೆಂದು ಭ್ರಮಿಸಿ ಗೆಡ್ಡೆ ತಿಂದು ಪ್ರಾಣ ಬಿಟ್ಟವರುಂಟು. ವಾಂತಿಭೇದಿ ತೊಡಗಲು ಕೆಲವು ಗಂಟೆಗಳೇ ಹಿಡಿಯಬಹುದು. ಅಲ್ಲಿಯವರೆಗೆ ಕಾಯದೆ, ಗಿಡದ ತುಂಡೊಂದನ್ನು ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಓಡಬೇಕು. ತರಕಾರಿಯ ಪಾತಿಯ ಬಳಿ ಇದು ಬೇಡ. ಮುಟ್ಟಿದ ಕೈ ತೊಳೆಯಿರಿ. ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ವಯಸ್ಸಿನ ಮಕ್ಕಳಿರುವ ಮನೆಯವರು ಸದ್ಯಕ್ಕೆ ವಿಷ್ಣುಕ್ರಾಂತಿಯನ್ನೇ ಬೆಳೆಸಲಿ.